ಚಿತ್ತವೆಲ್ಲೋ, ಚಕ್ರವೆಲ್ಲೋ

ನಮ್ಮ ಸೀಮೆಗೆ ರಸ್ತೆ ಒಂದೇ. ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟ. ಇವೆರಡರ ನಡುವೆ ಸಿಕ್ಕಿದ ಅಂಗೈಯಗಲದ ನೆಲದಲ್ಲಿ ಗದ್ದೆ, ತೋಟ, ಮನೆ, ದೇವಸ್ಥಾನ, ಮಸೀದಿ, ಇಗರ್ಜಿ, ಶಾಲೆ ಎಲ್ಲವೂ ಒತ್ತೊತ್ತಾಗಿ ಕುಳಿತಿರುವಾಗ ಎರಡನೆಯ ರಸ್ತೆಗೆ ಜಾಗವೆಲ್ಲಿ? ಭಟ್ಕಳದಿಂದ ಹೊರಟವನು ವೆಂಕಟಾಪುರದ ಹೊಳೆ ದಾಟಿ, ಶಿರಾಲಿ, ಮಂಕಿ, ಕಾಸರಕೋಡುಗಳನ್ನು ಹಿಂದಿಕ್ಕಿ, ಶರಾವತಿಯ ಸೇತುವೆಯ ಮೇಲೆ ಹಾಯ್ದು ಹೊನ್ನಾವರವನ್ನು ಮುಟ್ಟಬೇಕು. ಅಲ್ಲಿಂದ ಕರ್ಕಿ, ಹಳದೀಪುರ, ಹೊಳೆಗದ್ದೆಗಳ ಮೇಲೆ ಕುಮಟೆಗೆ. ಒಟ್ಟು ಸುಮಾರು 60 ಕಿಲೋಮೀಟರು. ಪನ್ವೇಲಿನಿಂದ ಕನ್ಯಾಕುಮಾರಿಯವರೆಗೆ ಚಾಚಿಕೊಂಡಿರುವ ಹೆದ್ದಾರಿಯ ಒಂದು ತುಣುಕು ಇದು. ಮೊದಲು ಇದರ ನಂಬರು 17. ದೇಶದ ಹೆದ್ದಾರಿಗಳ ನಂಬರುಗಳು 2010ರಲ್ಲಿ ಬದಲಾದಾಗ 66 ಆಯಿತು. ನಂಬರು ಬದಲಾಯಿತು, ಅಗಲವೂ ಬಹುಮಟ್ಟಿಗೆ ಬದಲಾಯಿತು. ಅದರ ಮೇಲೆ ಓಡಾಡುವ ನಮ್ಮ ಮನಸ್ಸು ಮಾತ್ರ ಎಷ್ಟು ಬದಲಾಯಿತೆಂಬುದೇ ಈ ಬರಹದ ವಿಷಯ.

ಈ ಒಂದೇ ರಸ್ತೆಗೆ ಎಷ್ಟು ಜನ ಒಡೆಯರು ನೋಡಿ! ಮಂಗಳೂರಿನಿಂದ ಗೋವೆಗೆ ಓಡುವ ಲಾರಿ, ಬಂದರದಿಂದ ಹೊರಟ ಮೀನಿನ ಗಾಡಿ, ಮುರ್ಡೇಶ್ವರಕ್ಕೋ ಗೋಕರ್ಣಕ್ಕೋ ಹೊರಟ ಯಾತ್ರಿಕರ ಕಾರು, ಸರಕಾರಿ ಬಸ್ಸು, ಟೆಂಪೋ, ರಿಕ್ಷಾ, ಕಾಲೇಜಿಗೆ ತಡವಾದವನ ಬೈಕು, ಹುಲ್ಲುಹೊರೆ ಹೊತ್ತ ಹೆಂಗಸು, ಸೈಕಲ್ಲಿನ ಮೇಲೆ ಶಾಲೆಯ ಹುಡುಗಿ, ಕಡೆಗೆ ಯಾರ ಅಪ್ಪಣೆಗೂ ಕಾಯದೆ ನಡುರಸ್ತೆಯಲ್ಲಿ ಮೆಲುಕುಹಾಕುವ ದನ. ಹತ್ತು ದಾರಿಗಳಿರುವ ಪಟ್ಟಣದಲ್ಲಿ ಒಂದು ದಾರಿ ಕಟ್ಟಿದರೆ ಇನ್ನೊಂದರಲ್ಲಿ ಹೋಗಬಹುದು. ನಮಗೆ ಆ ಭಾಗ್ಯವಿಲ್ಲ. ಇಲ್ಲಿ ಒಬ್ಬನ ಚಿತ್ತ ಒಂದು ಗಳಿಗೆ ಎತ್ತಲೋ ಹೋಯಿತೆಂದರೆ ಮೂರು ತಾಲೂಕುಗಳ ಕೆಲಸ ನಿಂತೀತು.

ನಾನು ದಿನವೂ ಕಾಲೇಜಿಗೆ ಬರುವುದು ಟೆಂಪೋದಲ್ಲಿ. ಚಾಲಕರ ಪಕ್ಕದ ಸೀಟು ಖಾಲಿಯಿದ್ದರೆ ಅದೇ ನನ್ನದು. ಅಲ್ಲಿ ಕುಳಿತು ಎರಡು ವರ್ಷಗಳಿಂದ ನಾನು ಮಾಡುತ್ತಿರುವ ಅಧ್ಯಯನಕ್ಕೆ ಯಾವ ವಿಶ್ವವಿದ್ಯಾನಿಲಯವೂ ಪದವಿ ಕೊಡುವುದಿಲ್ಲ. ಆದರೆ ಪಠ್ಯವಂತೂ ಬಹಳ ಸ್ವಾರಸ್ಯವಾಗಿದೆ. ಮನುಷ್ಯನ ಕೈ ಗಾಲಿಯ ಮೇಲಿದ್ದು, ಕಾಲು ಬ್ರೇಕಿನ ಮೇಲಿದ್ದು, ಅವನು ಮಾತ್ರ ಅಲ್ಲಿ ಇಲ್ಲದಿರುವುದು ಹೇಗೆ ಸಾಧ್ಯ ಎಂಬುದೇ ಆ ಪಠ್ಯ.

ಇಂಥ ಮಾತು ಬಂದಾಗಲೆಲ್ಲ ನಮ್ಮ ಅಜ್ಜ ಎತ್ತಿನ ಗಾಡಿಯ ಕಾಲವನ್ನು ನೆನೆಯುತ್ತಿದ್ದರು. ಕುಮಟೆಗೂ ಗಾಡಿಗೂ ಹಳೆಯ ನಂಟು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಬರುವುದು ನಿಂತಾಗ, ಧಾರವಾಡ ಸೀಮೆಯ ಹತ್ತಿ ಗಾಡಿಗಳ ಮೇಲೆ ಘಟ್ಟವಿಳಿದು ಕುಮಟೆಯ ಬಂದರಕ್ಕೆ ಬರುತ್ತಿತ್ತು, ಅಲ್ಲಿಂದ ಮುಂಬಯಿಗೆ. ಆ ಹತ್ತಿಗೆ ಪೇಟೆಯಲ್ಲಿ ಕುಮಟೆಯ ಹೆಸರೇ ಅಂಟಿಕೊಂಡಿತ್ತು. ಅಜ್ಜ ಹತ್ತಿ ಹೇರಿದವರಲ್ಲ. ಅವರದು ಭತ್ತ, ತೆಂಗಿನಕಾಯಿ, ಗೊಬ್ಬರದ ಗಾಡಿ. "ತಮಾ, ಸಂತೆಯಿಂದ ಬರುವಾಗ ನಾನು ಗಾಡಿಯಲ್ಲೇ ನಿದ್ದೆ ಮಾಡುತ್ತಿದ್ದೆ. ಎಚ್ಚರಾದಾಗ ಮನೆಯ ದಣಪೆ ಎದುರಿಗಿರುತ್ತಿತ್ತು. ಎತ್ತಿಗೆ ಕಣ್ಣಿತ್ತಲ್ಲ!" ಎನ್ನುತ್ತಿದ್ದರು.

ನಗುತ್ತ ಹೇಳಿದ ಈ ಮಾತಿನಲ್ಲಿ ಎಷ್ಟು ತಿರುಳಿದೆಯೆಂದು ನನಗೆ ಹೊಳೆದದ್ದು ಟೆಂಪೋದ ಮುಂದಿನ ಸೀಟಿನಲ್ಲಿ ಕುಳಿತ ಮೇಲೆ. ಗಾಡಿಗೆ ಹೂಡಿದ ಜೋಡಿಗೆ ನಾಲ್ಕು ಕಣ್ಣು, ನಾಲ್ಕು ಕಿವಿ. ಹೊಂಡ ಕಂಡರೆ ಅವೇ ಬಳಸಿ ನಡೆಯುತ್ತಿದ್ದವು, ಎದುರು ಮಗು ಬಂದರೆ ಅವೇ ನಿಲ್ಲುತ್ತಿದ್ದವು. ಮನುಷ್ಯ ಮೈಮರೆತರೂ ಗಾಡಿ ಮೈಮರೆಯುತ್ತಿರಲಿಲ್ಲ. ಎತ್ತನ್ನು ಬಿಚ್ಚಿ ಎಂಜಿನನ್ನು ಕಟ್ಟಿದ ದಿನ ನಾವು ಗಳಿಸಿದ್ದು ವೇಗ. ಕಳೆದುಕೊಂಡದ್ದು ಆ ನಾಲ್ಕು ಕಣ್ಣು. ಮೋಟಾರಿಗೆ ದೀಪವಿದೆ, ದೃಷ್ಟಿಯಿಲ್ಲ. ಅದರ ಕಣ್ಣು ಚಾಲಕನ ಕಣ್ಣೇ. ಆ ಕಣ್ಣು ಬೇರೆ ಕಡೆ ತಿರುಗಿದಷ್ಟು ಹೊತ್ತು ಓಡುವುದು ಕುರುಡು ಗಾಡಿ.

ಎಷ್ಟು ಹೊತ್ತು? ಲೆಕ್ಕ ಸುಲಭ. ಗಂಟೆಗೆ 60 ಕಿಲೋಮೀಟರೆಂದರೆ ನಿಮಿಷಕ್ಕೆ ಒಂದು ಕಿಲೋಮೀಟರು; ಸೆಕೆಂಡಿಗೆ ಸುಮಾರು 17 ಮೀಟರು. ಫೋನಿನಲ್ಲಿ ಬಂದ ಹೆಸರನ್ನು ಓದಿ, ಇವನಿಗೆ ಈಗ ಉತ್ತರ ಕೊಡಬೇಕೋ ಬೇಡವೋ ಎಂದು ಯೋಚಿಸಿ ಕಣ್ಣೆತ್ತಲು ಮೂರು ಸೆಕೆಂಡು ಬೇಡವೇ? ಅಷ್ಟರಲ್ಲಿ ಗಾಡಿ 50 ಮೀಟರು ಹೋಗಿರುತ್ತದೆ. ಹತ್ತಿರ ಹತ್ತಿರ ಐದು ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದಷ್ಟು ಉದ್ದ. ಆಮೇಲೆ ಬ್ರೇಕು ಒತ್ತಿದರೂ ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ ಸುಮಾರು 20 ಮೀಟರು ಬೇಕು. ನಮ್ಮ ಆಷಾಢದ ಮಳೆಯಲ್ಲಿ ಅದಕ್ಕಿಂತ ಬಹಳ ಹೆಚ್ಚು. ಕಣ್ಣು ಕಟ್ಟಿಕೊಂಡು 50 ಮೀಟರು ಓಡಿ ಎಂದರೆ ಕಾಲೇಜಿನ ಮೈದಾನದಲ್ಲಿ ಕೂಡ ನಮ್ಮಲ್ಲಿ ಯಾರೂ ಓಡಲಾರರು. ಅದನ್ನೇ ಹೆದ್ದಾರಿಯಲ್ಲಿ ದಿನಕ್ಕೆ ಹತ್ತು ಸಲ ಮಾಡುವವರು ಮಾತ್ರ ನಮ್ಮ ನಡುವೆ ಬೇಕಾದಷ್ಟು ಮಂದಿ.

ಎಲ್ಲ ತಪ್ಪನ್ನೂ ಫೋನಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಮೈಮರೆಯಲು ಮನುಷ್ಯನಿಗೆ ಯಂತ್ರವೇ ಬೇಕೆಂದಿಲ್ಲ. ಗಾಲಿಯನ್ನು ಮೊಣಕೈಯಲ್ಲಿ ಹಿಡಿದು ಕವಳ ಹಾಕಲು ಎಲೆಗೆ ಸುಣ್ಣ ಸವರುವವರನ್ನು ನಾನು ಕಂಡಿದ್ದೇನೆ. ಆ ಕಲೆಗೆ ಬೆರಗಾಗಬೇಕೋ, ಜೀವಕ್ಕೆ ಹೆದರಬೇಕೋ ತಿಳಿಯದು. ಶರಾವತಿಯ ಸೇತುವೆ ಬಂತೆಂದರೆ ಪ್ರವಾಸಿಗರ ಕಾರು ತಾನಾಗಿ ಮೆಲ್ಲಗಾಗುತ್ತದೆ. ಚಾಲಕನ ಕೊರಳು ನದಿಯ ಕಡೆಗೆ, ಕಾರಿನ ಮೂತಿ ಕಟಾಂಜನದ ಕಡೆಗೆ. ಹಿಂದಿನ ಸೀಟಿನ ಮಕ್ಕಳನ್ನು ಗದರಿಸಲು ಪೂರ್ತಿ ಹಿಂದಕ್ಕೆ ತಿರುಗುವ ತಂದೆ, ಹಾಡು ಸರಿಹೋಗದೆ ಗುಂಡಿ ತಿರುಗಿಸುತ್ತಲೇ ಇರುವ ರಸಿಕ, ಎಲ್ಲಿಯೋ ಒಂದು ಗಾಡಿ ಬಿದ್ದಿದೆಯೆಂದರೆ ಅದನ್ನು ನೋಡುತ್ತ ನೋಡುತ್ತ ಎದುರಿನ ಗಾಡಿಗೆ ತಾನೂ ಗುದ್ದುವ ಕುತೂಹಲಿ—ಇವರೆಲ್ಲ ಒಂದೇ ಕುಲದವರು. ಸಾಲದ ಕಂತನ್ನು ನೆನೆಯುತ್ತ, ಎದುರಿಗಿರುವುದನ್ನು ನೋಡಿಯೂ ಕಾಣದವನು ಈ ಕುಲದ ಹಿರಿಯ. ಕಣ್ಣು ತಪ್ಪುವುದು ಒಂದು, ಕೈ ತಪ್ಪುವುದು ಒಂದು, ಮನಸ್ಸು ತಪ್ಪುವುದು ಒಂದು. ಫೋನಿನ ಹೆಗ್ಗಳಿಕೆಯೆಂದರೆ ಈ ಮೂರನ್ನೂ ಒಂದೇ ಏಟಿಗೆ ಸಾಧಿಸುವುದು!

"ಕೈಯಲ್ಲಿ ಹಿಡಿಯುವುದಿಲ್ಲ, ಕಿವಿಗೆ ಸಿಕ್ಕಿಸಿಕೊಂಡಿದ್ದೇನೆ, ಇನ್ನೇನು ಅಪಾಯ?" ಎಂದು ನನ್ನ ಗೆಳೆಯರು ವಾದಿಸುವುದುಂಟು. ವಿಜ್ಞಾನಿಗಳು ಇದನ್ನು ಒರೆಗೆ ಹಚ್ಚಿ ನೋಡಿದ್ದಾರೆ. ಕೆನಡಾದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಫೋನಿನಲ್ಲಿ ಮಾತಾಡುವ ಹೊತ್ತಿಗೆ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚುತ್ತದೆಂದು ಕಂಡುಬಂತು. ಕೈಯಲ್ಲಿ ಹಿಡಿಯದೆ ಮಾತಾಡುವುದರಿಂದ ಹೆಚ್ಚಿನ ರಕ್ಷಣೆಯೇನೂ ಕಾಣಲಿಲ್ಲ. 2001ರಲ್ಲಿ ಅಮೆರಿಕದ ಯೂಟಾದ ಸಂಶೋಧಕರು ಹೇಳಿದ್ದೂ ಇದೇ ಜಾಡಿನ ಮಾತು: ಫೋನಿನಲ್ಲಿ ಸಂಭಾಷಣೆ ನಡೆಸುವವರು ಎದುರಿನ ಸಂಕೇತಗಳನ್ನು ಎರಡು ಪಟ್ಟು ಹೆಚ್ಚಾಗಿ ತಪ್ಪಿಸಿಕೊಂಡರು. ಕಣ್ಣು ತೆರೆದೇ ಇತ್ತು. ಕಂಡದ್ದನ್ನು ಒಳಗೆ ಬರಮಾಡಿಕೊಳ್ಳುವವನು ಮನೆಯಲ್ಲಿರಲಿಲ್ಲ.

ಹಾಗಾದರೆ ಪಕ್ಕದಲ್ಲಿ ಕುಳಿತವನೊಡನೆ ಮಾತಾಡುವುದೂ ಅಷ್ಟೇ ಕೇಡಲ್ಲವೇ ಎಂದು ಕೇಳಬಹುದು. ನನ್ನ ಮುಂದಿನ ಸೀಟಿನ ಅನುಭವದಿಂದ ಉತ್ತರ ಹೇಳುತ್ತೇನೆ. ನಾನೂ ಚಾಲಕರೂ ಯಕ್ಷಗಾನದ ಸುದ್ದಿ ಮಾತಾಡುತ್ತಿರುತ್ತೇವೆ. ಎದುರಿಗೆ ಲಾರಿಯೊಂದು ಅಡ್ಡ ಬಂದರೆ ನನ್ನ ಮಾತು ತಾನಾಗಿ ನಿಲ್ಲುತ್ತದೆ, ಏಕೆಂದರೆ ಆ ಲಾರಿ ನನಗೂ ಕಾಣುತ್ತದೆ. ಪ್ರಾಣ ನನ್ನದೂ ಹೌದು. ಹುಬ್ಬಳ್ಳಿಯಲ್ಲಿ ಕುಳಿತು ಫೋನು ಮಾಡಿದವನಿಗೆ ಆ ಲಾರಿ ಕಾಣುವುದಿಲ್ಲ. ಅವನು "ಹಲೋ, ಹಲೋ, ಕೇಳ್ತಾ ಇದೆಯಾ?" ಎಂದು ಸರಿಯಾಗಿ ಅದೇ ಗಳಿಗೆಯಲ್ಲಿ ದನಿಯೇರಿಸುತ್ತಾನೆ.

ಇನ್ನು ಸಂಚಾರದ ಮಾತು. ಮೈಮರೆತವನು ಯಾರಿಗೂ ಗುದ್ದದೆ ಹೋದನೆಂದರೆ ಯಾರಿಗೂ ತೊಂದರೆಯಾಗಲಿಲ್ಲವೆಂದು ತಿಳಿಯಬಾರದು. ಜಪಾನಿನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನಗೆ ಬಹಳ ಹಿಡಿಸಿತು. 230 ಮೀಟರು ಸುತ್ತಳತೆಯ ಗುಂಡಗಿನ ರಸ್ತೆಯಲ್ಲಿ 22 ಕಾರುಗಳನ್ನು ಬಿಟ್ಟು, ಎಲ್ಲರೂ ಸುಮಾರು 30 ಕಿಲೋಮೀಟರು ವೇಗದಲ್ಲಿ ಸಮನಾಗಿ ಹೋಗಿರೆಂದರು. ಅಡ್ಡರಸ್ತೆಯಿಲ್ಲ, ಹೊಂಡವಿಲ್ಲ, ದನವಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ಕೆಲವು ಕಾರುಗಳು ನಿಂತೇಬಿಟ್ಟವು! ಆದದ್ದಿಷ್ಟೇ: ಯಾವನೋ ಒಬ್ಬ ತುಸು ನಿಧಾನಿಸಿದ, ಹಿಂದಿನವನು ಅದಕ್ಕಿಂತ ತುಸು ಹೆಚ್ಚು ಬ್ರೇಕು ಒತ್ತಿದ, ಅವನ ಹಿಂದಿನವನು ಇನ್ನೂ ಹೆಚ್ಚು. ಹೀಗೆ ಹುಟ್ಟಿದ ತಡೆ, ಕಾರುಗಳು ಮುಂದಕ್ಕೆ ಹೋಗುತ್ತಿದ್ದರೆ ತಾನು ಗಂಟೆಗೆ ಸುಮಾರು 20 ಕಿಲೋಮೀಟರಿನಂತೆ ತೆರೆಯ ಹಾಗೆ ಹಿಂದಕ್ಕೆ ಸಾಗಿತು.

ಈ ತೆರೆಯನ್ನು ನೋಡಲು ಜಪಾನಿಗೆ ಹೋಗಬೇಕಾಗಿಲ್ಲ. ಬೆಂಗಳೂರಿನ ಕಡೆಯ ರಸ್ತೆ ಘಟ್ಟವಿಳಿದು ಬಂದು ನಮ್ಮ ಹೆದ್ದಾರಿಯನ್ನು ಕೂಡುವ ಹೊನ್ನಾವರದ ಗೇರುಸೊಪ್ಪೆ ವೃತ್ತದಲ್ಲಿ ಸಂಜೆ ಕಾಲು ಗಂಟೆ ನಿಂತರೆ ಸಾಕು. ಎಲ್ಲರೂ ಹೊರಡಲು ಸಿದ್ಧ. ಎಲ್ಲಕ್ಕಿಂತ ಮುಂದಿನವನು ಮಾತ್ರ ತಲೆ ತಗ್ಗಿಸಿ ಮಡಿಲಿನಲ್ಲಿರುವ ಫೋನಿಗೆ ನಮಸ್ಕರಿಸುತ್ತಿರುತ್ತಾನೆ. ಅವನಿಗೆ ಎಚ್ಚರವಾಗುವಷ್ಟರಲ್ಲಿ ಅಡ್ಡರಸ್ತೆಯವರು ನುಗ್ಗಿದರು. ಹಿಂದಿನ ರಿಕ್ಷಾ ಎಡಕ್ಕೆ ನುಸುಳಿತು, ಬೈಕುಗಳು ಬಲಕ್ಕೆ. ಬಸ್ಸು ನಡುವೆ ಸಿಕ್ಕಿತು. ಒಬ್ಬನ ನಾಲ್ಕು ಸೆಕೆಂಡು ನೂರು ಜನರ ಹತ್ತು ನಿಮಿಷವಾಯಿತು. ಆ ನೂರು ಜನರಲ್ಲಿ ಆಸ್ಪತ್ರೆಗೆ ಹೊರಟವರೂ ಇರಬಹುದು. ತಪ್ಪು ಮಾಡಿದವನಂತೂ ಅಷ್ಟು ಹೊತ್ತಿಗೆ ಹಳದೀಪುರ ದಾಟಿರುತ್ತಾನೆ. ತನ್ನ ಹಿಂದೆ ಏನಾಯಿತೆಂಬುದು ಅವನಿಗೆ ಎಂದಿಗೂ ತಿಳಿಯುವುದಿಲ್ಲ.

ಇಷ್ಟು ಹೊತ್ತು ನಗುನಗುತ್ತ ಬರೆದೆ. ಇನ್ನು ಬರೆಯಬೇಕಾದದ್ದು ನಗುವ ಮಾತಲ್ಲ.

ಕುಮಟೆಯ ಸಿಹಿ ಈರುಳ್ಳಿಯನ್ನು ಬಲ್ಲದವರಿಲ್ಲ. ಬೇಸಗೆ ಬಂತೆಂದರೆ ಅಳ್ವೇಕೋಡಿ, ಹಂದಿಗೋಣದ ಕಡೆ ಹೆದ್ದಾರಿಯ ಬದಿಗೆ ಚಪ್ಪರ ಹಾಕಿ, ಹೆಣೆದ ಗೊಂಚಲುಗಳನ್ನು ಸಾಲಾಗಿ ತೂಗಹಾಕುತ್ತಾರೆ. ನನ್ನ ಅತ್ತೆಯೂ ಹಾಗೆ ಹೆದ್ದಾರಿಯ ಬದಿಗೆ ಈರುಳ್ಳಿ ಮಾರುವವಳು. ಮಾವ ತೀರಿಕೊಂಡ ಮೇಲೆ ಆ ಗೊಂಚಲುಗಳೇ ಮನೆಯನ್ನು ನಡೆಸುತ್ತಿದ್ದವು. ಮಗಳನ್ನು ನಮ್ಮ ಕಾಲೇಜಿಗೆ ಬಿ.ಎ. ಓದಲು ಕಳಿಸಿದ್ದೂ ಅವೇ. ಹೋದ ವರ್ಷದ ಏಪ್ರಿಲ್ ತಿಂಗಳಲ್ಲಿ ಒಂದು ಕಾರು ಈರುಳ್ಳಿಯನ್ನು ಕಂಡು ಥಟ್ಟನೆ ನಿಂತಿತು. ಹಿಂದೆ ಬರುತ್ತಿದ್ದ ಸಾಮಾನಿನ ಗಾಡಿಯ ಹುಡುಗನಿಗೆ ಅದು ಕಂಡದ್ದು ತೀರ ಹತ್ತಿರ ಬಂದ ಮೇಲೆ. ಕಾರನ್ನು ತಪ್ಪಿಸಲು ಎಡಕ್ಕೆ ಎಳೆದ. ಎಡಕ್ಕೆ ಅತ್ತೆಯ ಚಪ್ಪರವಿತ್ತು.

ಅತ್ತೆ ಉಳಿದಳು. ಮೂರು ತಿಂಗಳು ಆಸ್ಪತ್ರೆ, ಮನೆ ಎಂದು ಅಲೆದಾಡಿದ ಮೇಲೆ ಈಗ ಕೋಲು ಹಿಡಿದು ಅಂಗಳದವರೆಗೆ ಬರುತ್ತಾಳೆ. ಹೊರೆ ಹೊರುವ ಮಾತಂತೂ ಮುಗಿಯಿತು. ಹುಡುಗ ಕುಡಿದಿರಲಿಲ್ಲ, ಅತಿವೇಗದಲ್ಲಿಯೂ ಇರಲಿಲ್ಲ. ಒಂದು ದಿನ ತನ್ನ ತಾಯಿಯನ್ನು ಕರೆದುಕೊಂಡು, ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಮನೆಗೆ ಬಂದ. ಜಗಲಿಯ ಮೇಲೆ ಕುಳಿತು ಅವನೇ ಹೇಳಿದ: "ಧನಿಗಳು ಫೋನು ಮಾಡಿದ್ದರು. ಎಲ್ಲಿದ್ದೀ, ಇನ್ನೂ ಎಷ್ಟು ಹೊತ್ತು ಎಂದು ಕೇಳುತ್ತಿದ್ದರು. ನಾನು ರಸ್ತೆಯನ್ನೇ ನೋಡುತ್ತಿದ್ದೆ ಅಮ್ಮಾ. ಆದರೂ ಕಾಣಲಿಲ್ಲ." ಅವರು ಹೋದ ಮೇಲೆ ಅತ್ತೆ ನನ್ನನ್ನು ನೋಡಿ, "ಅವ ಕೆಟ್ಟವ ಅಲ್ಲ ತಮಾ. ಅವ ಅಲ್ಲಿ ಇರಲಿಲ್ಲ, ಅಷ್ಟೇ," ಎಂದಳು. ಕೆನಡಾ, ಯೂಟಾಗಳ ಪಂಡಿತರು ಹೇಳಿದ್ದನ್ನು ನಾನು ಆಮೇಲೆ ಓದಿದೆ. ಅತ್ತೆ ಓದದೆಯೇ ಹೇಳಿದ್ದಳು.

ಅವಳ ಮಗಳು ನಮ್ಮ ತರಗತಿಯವಳೇ. ಈ ವರ್ಷ ಕಾಲೇಜು ಶುರುವಾದಾಗ ಕೆಲವು ದಿನ ಹಾಜರಿಯಲ್ಲಿ ಅವಳ ನಂಬರನ್ನು ಕೂಗುತ್ತಿದ್ದರು. ಉತ್ತರ ಬರುತ್ತಿರಲಿಲ್ಲ. ಆಮೇಲೆ ಕೂಗುವುದನ್ನು ನಿಲ್ಲಿಸಿದರು. ಈಗ ಚಪ್ಪರದಲ್ಲಿ ಅವಳು ಕೂರುತ್ತಾಳೆ. ಅಪಘಾತವೆಂದರೆ ಸತ್ತವರನ್ನೂ ಗಾಯಗೊಂಡವರನ್ನೂ ಎಣಿಸುತ್ತೇವೆ. ಹಾಜರಿ ಪುಸ್ತಕದಿಂದ ಅಳಿದುಹೋದ ನಂಬರನ್ನು ಯಾವ ಲೆಕ್ಕದಲ್ಲಿ ಬರೆಯುವುದು?

ಲೆಕ್ಕದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಸರಕಾರದ ವರದಿಯಂತೆ 2021ರಲ್ಲಿ ದೇಶದ ರಸ್ತೆಗಳಲ್ಲಿ 4,12,432 ಅಪಘಾತಗಳಾಗಿ 1,53,972 ಜನ ಸತ್ತರು. ಅದರಲ್ಲಿ ಫೋನಿನ ಬಳಕೆಯಿಂದಾದವು ಎಂದು ದಾಖಲಾದ ಅಪಘಾತಗಳು 1,997, ಸತ್ತವರು 1,040. ಇಷ್ಟೇ ಏನು ಎಂದು ಯಾರಾದರೂ ಸಮಾಧಾನಪಟ್ಟುಕೊಳ್ಳಬಹುದು. ಆದರೆ ಅತ್ತೆಯ ಕೇಸಿನ ಕಾಗದದಲ್ಲಿ 'ಅತಿವೇಗ ಮತ್ತು ನಿಷ್ಕಾಳಜಿ' ಎಂದಿದೆ. ಫೋನಿನ ಸುದ್ದಿಯೇ ಇಲ್ಲ. ಮುರಿದ ಗಾಡಿಯನ್ನು ಅಳೆಯಬಹುದು, ಟೈರಿನ ಗುರುತನ್ನು ಅಳೆಯಬಹುದು. ಆ ಗಳಿಗೆಯಲ್ಲಿ ಚಾಲಕನ ಮನಸ್ಸು ಎಲ್ಲಿತ್ತೆಂಬುದನ್ನು ಯಾವ ಪಂಚನಾಮೆಯಲ್ಲಿ ಬರೆಯುವುದು? ಅವನಾಗಿ ಹೇಳಿದರೆ ಉಂಟು, ಇಲ್ಲವಾದರೆ ಇಲ್ಲ. ಆದ್ದರಿಂದ ಆ 1,040 ಎಂಬುದು ನೀರಿನ ಮೇಲೆ ಕಾಣುವ ಬಂಡೆಯ ತುದಿ. ನಮ್ಮ ಕಡಲಿನವರಿಗೆ ಉಳಿದದ್ದನ್ನು ವಿವರಿಸಬೇಕಾಗಿಲ್ಲ.

ಕಾನೂನು ಸುಮ್ಮನೆ ಕುಳಿತಿಲ್ಲ. 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ತಿದ್ದುಪಡಿಯಾಗಿ, ಗಾಡಿ ನಡೆಸುವಾಗ ಫೋನನ್ನು ಕೈಯಲ್ಲಿ ಹಿಡಿದು ಬಳಸುವುದು 184ನೆಯ ಕಲಮಿನಂತೆ ಅಪಾಯಕಾರಿ ಚಾಲನೆಯೆಂದು ಸ್ಪಷ್ಟವಾಗಿ ಸೇರಿತು. ಮೊದಲ ಸಲಕ್ಕೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆ, ಇಲ್ಲವೆ 1,000ದಿಂದ 5,000 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. 2020ರ ನಿಯಮದಂತೆ ದಾರಿ ತಿಳಿಯಲು ಮಾತ್ರ ಫೋನನ್ನು ಬಳಸಬಹುದು, ಅದೂ ಚಾಲಕನ ಗಮನ ಕೆಡದ ಹಾಗೆ. ಕಾನೂನು ಒಳ್ಳೆಯದೇ. ಆದರೆ ಅದು ಹಿಡಿಯಬಲ್ಲದ್ದು ಕೈಯನ್ನು, ಮನಸ್ಸನ್ನಲ್ಲ. ಮೇಲಾಗಿ ಅದು ಕೇಳುವುದು ಫೋನೆತ್ತಿದವನನ್ನು, ಫೋನು ಮಾಡಿದವನನ್ನಲ್ಲ. ಆ ಹುಡುಗನ ಧನಿ ಯಾವ ಕಾಗದದಲ್ಲಿಯೂ ಇಲ್ಲ. ಅವನಿಗೂ ಅವಸರವಿದ್ದಿರಬೇಕು, ಅವನನ್ನೂ ಇನ್ನಾರೋ ಫೋನು ಮಾಡಿ ಕೇಳುತ್ತಿದ್ದಿರಬೇಕು.

ಆದ್ದರಿಂದ ಉಪಾಯದ ಅರ್ಧ ಭಾಗ ಚಾಲಕನ ಹತ್ತಿರವಿದೆ, ಇನ್ನರ್ಧ ಅವನನ್ನು ಬಲ್ಲ ನಮ್ಮೆಲ್ಲರ ಹತ್ತಿರ. ನಮ್ಮ ಟೆಂಪೋದ ಹಿರಿಯ ಚಾಲಕರೊಬ್ಬರು ಗಾಡಿ ಹೊರಡುವ ಮೊದಲು ಫೋನನ್ನು ಕಂಡಕ್ಟರ್ ಹುಡುಗನ ಕಿಸೆಗೆ ಹಾಕುತ್ತಾರೆ. ಯಾರೇ ಫೋನು ಮಾಡಲಿ, "ಗಾಡಿಯಲ್ಲಿದ್ದಾರೆ, ಕುಮಟೆಯಲ್ಲಿ ನಿಂತ ಮೇಲೆ ಮಾಡ್ತಾರೆ," ಎಂದು ಹುಡುಗ ಹೇಳುತ್ತಾನೆ. ಹೀಗೆ ಮಾಡಿದ್ದಕ್ಕೆ ಅವರ ಬಾಡಿಗೆ ತಪ್ಪಿದ್ದನ್ನು ನಾನು ಕಂಡಿಲ್ಲ. ಇನ್ನೊಂದು ಟೆಂಪೋದಲ್ಲಿ ಒಂದು ದಿನ ಬೇರೊಬ್ಬ ಚಾಲಕ ಮಂಕಿಯ ಹತ್ತಿರ ಫೋನೆತ್ತಿದ. ಹಿಂದೆ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಮುದುಕಿಯೊಬ್ಬಳು, "ತಮಾ, ನಾವೆಲ್ಲ ಇಳಿದ ಮೇಲೆ ಮಾತಾಡು ಮಾರಾಯಾ. ಮನೆಯಲ್ಲಿ ಮೊಮ್ಮಕ್ಕಳು ಕಾಯ್ತಾ ಇದ್ದಾವೆ," ಎಂದಳು. ಬೈಗುಳವಿಲ್ಲ, ಕಾನೂನಿನ ಬೆದರಿಕೆಯಿಲ್ಲ. ಅವನು ನಕ್ಕು ಫೋನನ್ನು ಕೆಳಗಿಟ್ಟ. ಅರವತ್ತು ಕಿಲೋಮೀಟರಿನ ಈ ದಾರಿಯಲ್ಲಿ ಅದಕ್ಕಿಂತ ಒಳ್ಳೆಯ ಫಲಕವನ್ನು ಯಾರೂ ನೆಟ್ಟಿಲ್ಲ.

ಸಹಪಾಠಿಗಳೇ, ನಮ್ಮಲ್ಲಿ ಹಲವರು ಇನ್ನೊಂದೆರಡು ವರ್ಷದಲ್ಲಿ ಲೈಸೆನ್ಸು ಪಡೆಯುವವರು. ಕೆಲವರು ಈಗಾಗಲೇ ಪಡೆದವರು. ಗಾಡಿ ನಡೆಸದವರೂ ಗಾಡಿ ನಡೆಸುವ ಅಣ್ಣನಿಗೋ ತಂದೆಗೋ ಗೆಳೆಯನಿಗೋ ಫೋನು ಮಾಡುವವರೇ. ಫೋನು ಮಾಡಿದಾಗ ಮೊದಲು ಕೇಳುವ ಮಾತು ನಮ್ಮಲ್ಲಿ ಸಾಮಾನ್ಯವಾಗಿ "ಎಲ್ಲಿದ್ದೀ?" ಎಂಬುದು. ಪ್ರಶ್ನೆ ಚೆನ್ನಾಗಿಯೇ ಇದೆ. ಅದಕ್ಕೆ "ಗಾಡಿಯ ಮೇಲೆ" ಎಂಬ ಉತ್ತರ ಬಂತೆಂದರೆ ನಾವು ಆಡಬೇಕಾದ ಎರಡನೆಯ ಮಾತು ಒಂದೇ: "ಹಾಗಾದರೆ ಇಡು, ನಿಂತ ಮೇಲೆ ಮಾಡು." ಹೇಳಬೇಕಾದ ಸುದ್ದಿ ಎಷ್ಟೇ ದೊಡ್ಡದಿರಲಿ, ಹತ್ತು ನಿಮಿಷದಲ್ಲಿ ಅದು ಹಳಸುವುದಿಲ್ಲ.